ನಾಲ್ಕು ಅಂಕದ ನಕ್ಷೆ ಪಾಠಕ್ಕೆ ನಾನು ಕ್ಷಮೆ ಕೇಳುವುದಿಲ್ಲ

ಶಾಲೆಗಳ ಮೇಲ್ವಿಚಾರಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಒಂಬತ್ತನೆಯ ತರಗತಿಯ ಮಕ್ಕಳಿಗೆ ನಕ್ಷೆ ಓದುವುದನ್ನು ಕಲಿಸಿದ್ದಕ್ಕಾಗಿ ನಾನು ಲಿಖಿತವಾಗಿ ಕ್ಷಮೆ ಕೇಳಬೇಕು, ಇನ್ನು ಮುಂದೆ ಪಠ್ಯಪುಸ್ತಕದ ಆಚೆಗೆ ಒಂದು ಮಾತನ್ನೂ ಆಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು ಎಂದು ತಾವು ನನಗೆ ನೋಟಿಸ್ ಕಳಿಸಿದ್ದೀರಿ. ಏಳು ದಿನಗಳ ಗಡುವು ಕೊಟ್ಟಿದ್ದೀರಿ. ಇಂದು ಏಳನೆಯ ದಿನ. ನನ್ನ ಉತ್ತರ ಇದು: ಬರೆದುಕೊಡುವುದಿಲ್ಲ.

ಸರ್ಕಾರಿ ನೌಕರಳೊಬ್ಬಳು ಹೀಗೆ ಪತ್ರಿಕೆಗೆ ಬರೆಯುವುದು ನಡತೆ ನಿಯಮಗಳಿಗೆ ವಿರುದ್ಧವೆಂದು ಬಲ್ಲೆ. ಆದ್ದರಿಂದ ಎರಡನೆಯ ನೋಟಿಸನ್ನೂ ಈಗಲೇ ಟೈಪ್ ಮಾಡಿಸಿಬಿಡಿ, ತಮ್ಮ ಗುಮಾಸ್ತರಿಗೆ ಮತ್ತೊಮ್ಮೆ ತೊಂದರೆ ತಪ್ಪುತ್ತದೆ. ಮುಚ್ಚಿದ ಲಕೋಟೆಯಲ್ಲಿ ನಾನು ತಮಗೆ ಮೂರು ಸಲ ವಿವರಣೆ ಬರೆದೆ. ಮೂರನ್ನೂ ಸೇರಿಸಿದರೆ ಹದಿನೇಳು ಪುಟ. ತಮ್ಮ ಕಚೇರಿಯಿಂದ ಬಂದ ಉತ್ತರ 'ವಿವರಣೆ ಸಮಂಜಸವಾಗಿಲ್ಲ' ಎಂಬ ಎರಡೇ ಪದ. ತಮಗೆ ಓದಲು ಸಮಯವಿಲ್ಲದಿದ್ದರೆ ಬೇಡ, ಓದುವ ಬೇರೆ ಜನರಿದ್ದಾರೆ ಎಂದುಕೊಂಡು ಇದನ್ನು ಬಯಲಿಗೆ ತಂದಿದ್ದೇನೆ.

ನಾನು ನಂಜನಗೂಡು ತಾಲ್ಲೂಕು ಬಿಳಿಗೆರೆಯವಳು. ಇಪ್ಪತ್ತೆಂಟು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಮಕ್ಕಳು ನನ್ನನ್ನು 'ಸಮಾಜ ಮಿಸ್ಸು' ಎನ್ನುತ್ತಾರೆ. ಕಳೆದ ಒಂಬತ್ತು ವರ್ಷಗಳಿಂದ ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೇನೆ. ಊರಿನ ಹೆಸರು ತಮಗೆ ಗೊತ್ತು, ಓದುಗರಿಗೆ ಬೇಕಿಲ್ಲ. ಬನ್ನೂರಿನಲ್ಲಿ ಬಸ್ಸು ಬದಲಿಸಿ, ಎರಡೂ ಕಡೆ ಭತ್ತ ಕಬ್ಬು ನೋಡುತ್ತಾ ಹೋಗಿ ನಾಲೆಯ ಸೇತುವೆ ದಾಟಿದರೆ ಸಿಗುವ ಊರು. ಅಂಥ ಊರುಗಳು ಬಹಳ ಇವೆ. ನಮ್ಮ ಊರಿನಲ್ಲಿ ನಡೆದದ್ದು ಅಲ್ಲೂ ನಡೆದಿರಬಹುದು.

ಮೊದಲು ನನ್ನ ನಿಜವಾದ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ತಮ್ಮ ನೋಟಿಸಿನಲ್ಲಿ ಅದರ ಪ್ರಸ್ತಾಪವೇ ಇಲ್ಲ. 1992ರಲ್ಲಿ ನಾನು ನಂಜನಗೂಡು ತಾಲ್ಲೂಕಿನ ಇನ್ನೊಂದು ಶಾಲೆಯಲ್ಲಿದ್ದೆ. ಮೂಲಭೂತ ಹಕ್ಕುಗಳ ಪಾಠ ನಡೆಯುತ್ತಿತ್ತು. ಪಾಠವೆಂದರೆ ಏನು, ನಾನು ನೋಟ್ಸ್ ಹೇಳುವುದು, ಅವರು ಬರೆದುಕೊಳ್ಳುವುದು. "ನಮ್ಮ ದೇಶದಲ್ಲಿ ಅಸ್ಪೃಶ್ಯತೆಯನ್ನು ನಿರ್ಮೂಲನ ಮಾಡಲಾಗಿದೆ" ಎಂದು ಬರೆಸಿದೆ. ಕೊನೆಯ ಬೆಂಚಿನ ನಾಗೇಂದ್ರ ಎದ್ದು ನಿಂತ.

"ಮಿಸ್, ಓಗ್ಬುಟ್ಟದೆ ಅಂತ ಬರ್ಸುದ್ರಿ. ಮತ್ತೆ ಓಟ್ಲಲ್ಲಿ ನಮ್ ಲೋಟ ಗ್ವಾಡೆ ಆಚ್ಗೆ ಮಡ್ಗವ್ರಲ್ಲಾ?"

ನಾನು ಗಡಿಯಾರ ನೋಡಿಕೊಂಡೆ. "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ," ಎಂದೆ. ಆ ಹುಡುಗ ಕೂತ. ಆಮೇಲೆ ಅವನು ಶಾಲೆ ಬಿಡುವವರೆಗೂ ನನ್ನ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಬ್ಲಿಕ್ ಪರೀಕ್ಷೆಯಲ್ಲಿ ನಾನು ಬರೆಸಿದ್ದನ್ನೇ ಬರೆದು ಸಮಾಜದಲ್ಲಿ ಎಂಬತ್ತಾರು ತೆಗೆದ. ಆ ವರ್ಷ ನನ್ನ ವಿಷಯದಲ್ಲಿ ನೂರಕ್ಕೆ ನೂರು ಮಂದಿ ಪಾಸಾದರು. ಇಲಾಖೆ ನನಗೆ ಪ್ರಶಂಸಾ ಪತ್ರ ಕೊಟ್ಟಿತು, ಶಾಲು ಹೊದಿಸಿತು. ಮಾನ್ಯರೇ, ಹುಡುಗನೊಬ್ಬನ ಬಾಯಿ ಮುಚ್ಚಿಸಿದ ವರ್ಷ ನಾನು ಆದರ್ಶ ಶಿಕ್ಷಕಿ, ಹುಡುಗಿಯೊಬ್ಬಳು ಬಾಯಿ ತೆರೆದ ವರ್ಷ ಆಪಾದಿತೆ. ಇಲಾಖೆಯ ಅಳತೆಗೋಲು ಯಾವುದೆಂದು ಇಷ್ಟು ವರ್ಷಗಳ ಮೇಲೆ ನನಗೆ ಅರ್ಥವಾಗುತ್ತಿದೆ.

ಈಗ ಆ ಹುಡುಗಿಯ ವಿಷಯ. ಅವಳ ಹೆಸರು ರಂಜಿನಿ. ಕೇರಿಯ ಮಾದೇಶನ ಮಗಳು. ಗಣಿತದಲ್ಲಿ ಪಾಸಾಗಲು ಹೆಣಗುತ್ತಾಳೆ, ಇಂಗ್ಲಿಷ್ ಮೇಷ್ಟರನ್ನು ಕಂಡರೆ ಕಂಬದ ಹಿಂದೆ ಅಡಗುತ್ತಾಳೆ. ಪ್ರತಿಭಾವಂತ ವಿದ್ಯಾರ್ಥಿನಿ ಎಂದು ಯಾರೂ ಅವಳ ಫೋಟೋ ಹಾಕುವುದಿಲ್ಲ. ನನಗೂ ಕಳೆದ ವರ್ಷದ ತನಕ ಅವಳು ಹಾಜರಿ ಪುಸ್ತಕದ ಇಪ್ಪತ್ತಾರನೆಯ ಹೆಸರಾಗಿದ್ದಳು, ಅಷ್ಟೆ.

ಕಳೆದ ವರ್ಷ, ಅಂದರೆ 2006ರ ಜುಲೈಯಲ್ಲಿ, ಭೂಗೋಳದ ನಕ್ಷೆ ಪಾಠಕ್ಕೆ ಬಂದೆವು. ಅಳತೆ, ದಿಕ್ಕು, ಚಿಹ್ನೆಗಳು. ನಮ್ಮ ಶಾಲೆಯಲ್ಲಿ ಇರುವುದು ಒಂದೇ ನಕ್ಷೆ, ಪ್ರಪಂಚದ್ದು. ಅದರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಅಖಂಡವಾಗಿದೆ. ಹದಿನೈದು ವರ್ಷದ ಹಿಂದೆ ಒಡೆದುಹೋದ ಆ ದೇಶ ನಮ್ಮ ಗೋಡೆಯ ಮೇಲೆ ತಮ್ಮ ಇಲಾಖೆಯ ಕೃಪೆಯಿಂದ ಬದುಕಿದೆ. ಹೊಸ ನಕ್ಷೆಗಳಿಗಾಗಿ ನಾಲ್ಕು ಸಲ ಬೇಡಿಕೆ ಕಳಿಸಿದೆ. ಬರಲಿಲ್ಲ. ಹಾಗಿದ್ದರೆ ನಮ್ಮೂರಿನ ನಕ್ಷೆಯನ್ನೇ ತರೋಣ ಎಂದು ಗ್ರಾಮ ಲೆಕ್ಕಿಗರಾದ ರಾಮಯ್ಯನವರ ಬಳಿ ಹೋದೆ. ಅವರು ಅರ್ಜಿ ಬರೆಸಿಕೊಂಡು ತಾಲ್ಲೂಕು ಕಚೇರಿಯಿಂದ ಗ್ರಾಮ ನಕ್ಷೆಯ ಪ್ರತಿಯೊಂದನ್ನು ತರಿಸಿಕೊಟ್ಟರು. ಇದು ಕಳ್ಳತನವಲ್ಲ. ಅರ್ಜಿ ಹಾಕಿದ ಯಾರಿಗೆ ಬೇಕಾದರೂ ಸರ್ಕಾರ ಕೊಡುವ ಕಾಗದ ಅದು. ತಮ್ಮ ನೋಟಿಸಿನಲ್ಲಿ 'ಸರ್ಕಾರಿ ದಾಖಲೆಯನ್ನು ಅನಧಿಕೃತವಾಗಿ ಬಳಸಿ' ಎಂದಿರುವುದರಿಂದ ಹೇಳುತ್ತಿದ್ದೇನೆ.

ಮೂವತ್ತೆಂಟು ಮಕ್ಕಳನ್ನು ಐದು ಗುಂಪು ಮಾಡಿದೆ. ಡ್ರಾಯಿಂಗ್ ಹಾಳೆಗಳನ್ನು ಅಂಟಿಸಿ ಮಂಚದಷ್ಟು ದೊಡ್ಡದೊಂದು ಹಾಳೆ ಮಾಡಿದೆವು. ಗ್ರಾಮ ನಕ್ಷೆಯನ್ನು ಅದರ ಮೇಲೆ ದೊಡ್ಡದಾಗಿ ಇಳಿಸುವುದು, ಆಮೇಲೆ ಊರು ಸುತ್ತಿ ಅದರಲ್ಲಿರುವುದು ನೆಲದ ಮೇಲೆ ಎಲ್ಲಿದೆ ಎಂದು ಹುಡುಕಿ ಗುರುತಿಸುವುದು. ಗಂಟು ಕಟ್ಟಿದ ಹಗ್ಗ ಹಿಡಿದು ಮಕ್ಕಳು ಶನಿವಾರ ಶನಿವಾರ ಊರು ಅಳೆದರು. ಹಾಲಿನ ಡೈರಿಯಿಂದ ಅರಳಿಕಟ್ಟೆಗೆ ಎಷ್ಟು ಗಂಟು, ಕಟ್ಟೆಯಿಂದ ಕೇರಿಯ ನಲ್ಲಿಗೆ ಎಷ್ಟು ಗಂಟು ಎಂದು ಕೂಗಾಡುತ್ತಾ ಓಡಾಡಿದರು. ದಿಕ್ಕು ಗೊತ್ತಿಲ್ಲದಿದ್ದ ಮಕ್ಕಳು ಮನೆಯ ಬಾಗಿಲು ಯಾವ ಕಡೆಗಿದೆ ಎಂದು ಪರಸ್ಪರ ಪರೀಕ್ಷೆ ಮಾಡತೊಡಗಿದರು. ಇಪ್ಪತ್ತೆಂಟು ವರ್ಷಗಳಲ್ಲಿ ಮಕ್ಕಳು ನನ್ನ ಪಾಠಕ್ಕಾಗಿ ಶನಿವಾರ ಬೆಳಿಗ್ಗೆ ಗೇಟಿನ ಬಳಿ ಕಾದು ನಿಂತದ್ದನ್ನು ನಾನು ನೋಡಿದ್ದು ಆಗಲೇ.

ಮೂರನೆಯ ಶನಿವಾರ ರಂಜಿನಿಯ ಗುಂಪು ನಾಲೆಯ ಆಚೆಗೆ ಹೋಗಿತ್ತು. ಸೋಮವಾರ ತರಗತಿಯಲ್ಲಿ ಅವಳು ಎದ್ದು ನಿಂತಳು. ಆ ವರ್ಷದಲ್ಲಿ ಅವಳು ತಾನಾಗಿ ಎದ್ದು ನಿಂತದ್ದು ಅದೇ ಮೊದಲು.

"ಮಿಸ್, ನಕ್ಸೆ ತಪ್ಪಾಗದೆ."

"ಎಲ್ಲಿ?"

"ಇಲ್ಲಿ. ನೂರಾ ಅದ್ನಾಕನೇ ನಂಬ್ರು. ಸ್ಮಸಾನ ಅಂತ ಗುರ್ತಾಕವ್ರೆ. ಅಲ್ಲಿ ಸ್ಮಸಾನ ಇಲ್ಲ ಮಿಸ್. ಕಬ್ಬು ಅದೆ. ಮೋಟ್ರು ಮನೆ ಅದೆ."

ಹಳೆಯ ನಕ್ಷೆ, ತಪ್ಪಿರಬಹುದು ಎಂದು ನಾನೂ ಅಂದುಕೊಂಡೆ. ಕೂತುಕೊಳ್ಳಲು ಹೇಳುವವಳಿದ್ದೆ. ಆದರೆ ಅವಳು ಕೂರಲಿಲ್ಲ.

"ಮಿಸ್, ನಮಗೆ ಸ್ಮಸಾನವೇ ಇಲ್ಲ. ನಮ್ ತಾತುನ್ನ ನಾಲೆ ಏರಿ ಮ್ಯಾಲೆ ಊತಿದ್ದು. ಇಲ್ಲಿ ಇಷ್ಟೊಂದು ಜಾಗ ಇತ್ತಾ?"

ಅವಳ ತಾತ ಮಾರಯ್ಯ ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ಆಗ ನಾನು ಅದೇ ಊರಿನ ಶಾಲೆಯಲ್ಲೇ ಇದ್ದೆ. ಅವಳು ಮೂರು ದಿನ ರಜೆ ಹಾಕಿದ್ದಳು, ನಾನು ರಿಜಿಸ್ಟರಿನಲ್ಲಿ 'ಗೈ' ಎಂದು ಗುರುತು ಹಾಕಿದ್ದೆ. ಅಷ್ಟೇ ನನಗೆ ಗೊತ್ತಿದ್ದದ್ದು. ಉಳಿದದ್ದನ್ನು ತಿಳಿದದ್ದು ಆ ಸಂಜೆ ಅವರ ಮನೆಯ ಜಗಲಿಯಲ್ಲಿ ಕೂತಾಗ. ಮಾರಯ್ಯನವರ ಹೆಂಡತಿ ಸಾಕಮ್ಮ, ರಂಜಿನಿಯ ಅಜ್ಜಿ, ನಾನು ಬಂದದ್ದನ್ನು ನೋಡಿ ಗಾಬರಿಯಾಗಿ ಚಾಪೆ ಹುಡುಕಿದರು. ಬರಿನೆಲದ ಮೇಲೆ ಕೂತೆ. ಸ್ಮಶಾನದ ಮಾತೆತ್ತಿದೆ.

"ಇತ್ತು ಕಣವ್ವಾ," ಎಂದರು ಸಾಕಮ್ಮ. "ನಾನು ಮದ್ವೆಯಾಗಿ ಬಂದೊರ್ಸ ನಮ್ಮತ್ತೆನ ಅಲ್ಲೇ ಮಣ್ ಮಾಡಿದ್ದು. ದೊಡ್ಡದೊಂದು ಉಣ್ಸೆಮರ ಇತ್ತು. ಆಮ್ಯಾಕೆ ಅತ್ಲಾಗೂ ನಾಲೆ ನೀರು ಅತ್ತುಸ್ಕೊಂಡ್ರು. ಮರ ಕಡುದ್ರು. ಕಬ್ಬಾಕುದ್ರು. ಎಣ ತಕ್ಕೊಂಡು ಇತ್ಲಾಗೆ ಬರ್ಬ್ಯಾಡಿ, ಎಲ್ಲಾರ ಓಗಿ ಅಂದ್ರು. ಓದೋ."

"ಯಾರನ್ನೂ ಕೇಳ್ಲಿಲ್ವಾ ಸಾಕಮ್ಮ?"

"ಕೇಳಕ್ಕೆ ನಮ್ತಾವ ಏನಿತ್ತವ್ವ? ಬರೀ ಬಾಯ್ಮಾತು. ಅವ್ರತಾವ ಪತ್ರ ಅದೆ ಅಂದ್ರು. ಪತ್ರ ಅಂದ್ಮ್ಯಾಲೆ ನಾವೇನು ಮಾತಾಡದು?"

ಅಂದಿನಿಂದ ಮೂವತ್ತೊಂದು ಮನೆಯವರು ತಮ್ಮ ಸತ್ತವರನ್ನು ನಾಲೆಯ ಏರಿಯ ಮೇಲೆ ಹೂಳುತ್ತಾ ಬಂದಿದ್ದಾರೆ. ಮಾರಯ್ಯನವರನ್ನೂ ಅಲ್ಲೇ ಹೂತರು. ಎರಡನೆಯ ವಾರ ನಾಲೆಗೆ ನೀರು ಬಿಟ್ಟರು. ಏರಿ ಒಂದು ಕಡೆ ಕುಸಿಯಿತು. ಅದಾದ ಮೇಲೆ ಏನಾಯಿತೆಂದು ಸಾಕಮ್ಮ ನನಗೆ ಹೇಳಲಿಲ್ಲ. ಸೆರಗನ್ನು ಬಾಯಿಗಿಟ್ಟುಕೊಂಡು ಕೂತರು. ರಂಜಿನಿ ಹೇಳಿದಳು: "ಅಪ್ಪ ನೀರಿಗಿಳುದು ಉಡುಕ್ತು ಮಿಸ್. ಪಂಚೆ ಸಿಕ್ತು."

ನಮ್ಮ ತಂದೆಯವರನ್ನು ಬಿಳಿಗೆರೆಯಲ್ಲಿ ನಮ್ಮ ಹೊಲದ ಬದಿಯಲ್ಲೇ ಸಮಾಧಿ ಮಾಡಿದ್ದೇವೆ. ಕಲ್ಲಿನ ಕಟ್ಟೆ ಕಟ್ಟಿಸಿದ್ದೇವೆ. ಪ್ರತಿ ವರ್ಷ ಅಣ್ಣತಮ್ಮಂದಿರೆಲ್ಲ ಹೋಗಿ ಬಿಲ್ವಪತ್ರೆ ಇಟ್ಟು ಬರುತ್ತೇವೆ. ಮಣ್ಣಿನಲ್ಲಿ ಮಲಗಿದವರಿಗೆ ಒಂದು ಜಾಗ ಬೇಕೆಂಬುದು ನನಗೆ ಯಾರೂ ಕಲಿಸಬೇಕಾದ ವಿಷಯವಲ್ಲ. ಆದರೂ ಎಂಟು ವರ್ಷ ಆ ಊರಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳಿಗೆ ನಾಲೆಯ ಏರಿಯ ಸಮಾಚಾರ ಗೊತ್ತಿರಲಿಲ್ಲ. ಬಸ್ಸಿನ ಕಿಟಕಿಯಿಂದ ದಿನಕ್ಕೆರಡು ಸಲ ಆ ಏರಿಯನ್ನು ನೋಡುತ್ತಿದ್ದೆ. ಹಾಗಾದರೆ ನಾನು ಕಲಿಸುತ್ತಿದ್ದ ಸಮಾಜ ಯಾವುದು? ತಾವೂ ಒಮ್ಮೆ ಯೋಚಿಸಿ.

ಮರುವಾರ ತಾಲ್ಲೂಕು ಕಚೇರಿಯ ಕಂಪ್ಯೂಟರಿನಿಂದ ಆ ನಂಬರಿನ ಪಹಣಿ ತೆಗೆಸಿದೆ. 'ಸರ್ಕಾರಿ ಸ್ಮಶಾನ, ಒಂದು ಎಕರೆ ಇಪ್ಪತ್ತು ಗುಂಟೆ' ಎಂದು ಅಚ್ಚಾಗಿ ಬಂತು. ನಕ್ಷೆ ಸರಿಯಾಗಿತ್ತು. ಮಕ್ಕಳಿಗೆ ಅದನ್ನೇ ಹೇಳಿದೆ. ನಾನು ಹೇಳಿದ್ದು ಇಷ್ಟೆ ಮಾನ್ಯರೇ: "ನಕ್ಷೆಯಲ್ಲಿ ಸ್ಮಶಾನ ಅಂತಿದೆ, ಪಹಣಿಯಲ್ಲೂ ಸ್ಮಶಾನ ಅಂತಿದೆ, ನೆಲದ ಮೇಲೆ ಕಬ್ಬಿದೆ. ಮೂರನ್ನೂ ಬರೆಯಿರಿ." ತಾವು ಹೇಳುವ 'ಪ್ರಚೋದನಕಾರಿ ಬೋಧನೆ' ಇದೇ. ಇದರಲ್ಲಿ ಪ್ರಚೋದನೆ ಯಾವ ಪದದಲ್ಲಿದೆ? ನಕ್ಷೆಯಲ್ಲೋ, ಪಹಣಿಯಲ್ಲೋ, ಕಬ್ಬಿನಲ್ಲೋ?

ಡಿಸೆಂಬರಿನಲ್ಲಿ ಶಾಲೆಯ ವಸ್ತು ಪ್ರದರ್ಶನ. ತಮ್ಮದೇ ಸುತ್ತೋಲೆಯ ಪ್ರಕಾರ ನಡೆಸಿದ್ದು. ವಿಜ್ಞಾನದವರು ಜ್ವಾಲಾಮುಖಿ ಮಾಡಿದರು, ನಾವು ಊರಿನ ನಕ್ಷೆಯನ್ನು ಗೋಡೆಗೆ ತೂಗುಹಾಕಿದೆವು. ಬಣ್ಣ ಬಳಿದು, ಚಿಹ್ನೆಗಳನ್ನು ಬರೆದು, ಮೂಲೆಯಲ್ಲಿ ಮೂವತ್ತೆಂಟು ಹೆಸರು ಬರೆದಿದ್ದರು. ವಿವರಿಸುವ ಸರದಿ ಗುಂಪಿಗೊಬ್ಬರಂತೆ. ಶಾಲಾ ಸಮಿತಿಯ ಅಧ್ಯಕ್ಷರು ಬಂದಾಗ ಸರದಿ ರಂಜಿನಿಯದಾಗಿತ್ತು. ಬೇಕೆಂದೇ ಹಾಗೆ ಮಾಡಿದೆನೆಂದು ದೂರಿನಲ್ಲಿದೆ. ಇಲ್ಲ. ಆದರೆ ಸರದಿ ತಪ್ಪಿಸಲೂ ಇಲ್ಲ.

ಓದುಗರಿಗಾಗಿ ಹೇಳುತ್ತೇನೆ: ಆ ಅಧ್ಯಕ್ಷರೇ ನೂರಾ ಹದಿನಾಲ್ಕನೆಯ ನಂಬರಿನಲ್ಲಿ ಕಬ್ಬು ಬೆಳೆಯುತ್ತಿದ್ದವರು. ನಮ್ಮ ಜನವೇ. ನಮ್ಮ ಮಠಕ್ಕೇ ನಡೆದುಕೊಳ್ಳುವವರು. ಆ ಊರಿನಲ್ಲಿ ಮನೆ ಸಿಗದೆ ನಾನು ಬಸ್ಸಿನಲ್ಲಿ ಓಡಾಡತೊಡಗುವ ಮೊದಲು, ಮೂರು ತಿಂಗಳು ನನ್ನನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡು ಊಟ ಹಾಕಿದವರು. ಇದನ್ನು ಮುಚ್ಚಿಟ್ಟರೆ ನನ್ನ ಪತ್ರ ಅರ್ಧ ಸುಳ್ಳಾಗುತ್ತದೆ.

ರಂಜಿನಿ ಕೋಲು ಹಿಡಿದು ತೋರಿಸುತ್ತಾ ಹೋದಳು. ಇದು ಅರಳಿಕಟ್ಟೆ, ಇದು ಡೈರಿ, ಇದು ನಮ್ ಸ್ಕೂಲು. ಕೋಲು ನಾಲೆ ದಾಟಿತು. "ಇದು ಸರ್ವೆ ನಂಬ್ರು ನೂರಾ ಅದ್ನಾಕು. ಸರ್ಕಾರಿ ಸ್ಮಸಾನ. ಒಂದೆಕ್ರೆ ಇಪ್ಪತ್ತು ಗುಂಟೆ. ಈಗ ಇಲ್ಲಿ ಕಬ್ಬದೆ."

ಅಧ್ಯಕ್ಷರು ನಕ್ಷೆಗೆ ಹತ್ತಿರ ಹೋಗಿ ಬಗ್ಗಿ ನೋಡಿದರು. "ಯಾರ್ ಮಗಳವ್ವ ನೀನು?" ಎಂದರು.

"ಮಾದೇಶನ ಮಗಳು ಸಾ."

"ಇದುನ್ನ ಯಾರ್ ಹೇಳ್ಕೊಟ್ರು ನಿಂಗೆ?"

ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ. "ಯಾರೂ ಏಳ್ಕೊಡ್ನಿಲ್ಲ ಸಾ. ನಕ್ಸೇಲಿ ಅದೆ," ಎಂದಳು.

ಹಿಂದೆ ನಿಂತಿದ್ದ ಜನರಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ನನ್ನ ಬಳಿ ಬಂದರು. ಮೆಲ್ಲಗೆ ಹೇಳಿದರು: "ನಮ್ಮೋರಾಗಿ ನೀವೇ ಹಿಂಗ್ ಮಾಡುದ್ರೆ ಇನ್ಯಾರಿಗೆ ಹೇಳನ ಮೇಡಂ? ಉಂಡ ಮನೆ ಅಂತ್ಲಾರ ನೆಪ್ಪಿರ್ಬೇಕಿತ್ತು."

ಅವರ ಮನೆಯ ಊಟ ಉಂಡದ್ದು ನಿಜ. ಆ ಋಣಕ್ಕೆ ಸಾಕಮ್ಮನ ಗಂಡನ ಮಣ್ಣನ್ನು ಒತ್ತೆಯಿಡಲು ನನಗೆ ಹಕ್ಕಿಲ್ಲ ಎಂಬ ಮಾತು ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ. ಅಂದು ಹೇಳದೆ ಉಳಿದದ್ದನ್ನು ಈಗ ಹೇಳುತ್ತಿದ್ದೇನೆ, ಅವರೂ ಈ ಪತ್ರಿಕೆ ಓದುತ್ತಾರೆ.

ನಾಲ್ಕು ದಿನದಲ್ಲಿ ಮಾದೇಶ ಶಾಲೆಗೆ ಬಂದ. ಅಧ್ಯಕ್ಷರ ಗದ್ದೆಯಲ್ಲೇ ಅವನಿಗೆ ಕೂಲಿ. ನಾಳೆಯಿಂದ ಬರಬೇಡ ಅಂದಿದ್ದರು. ಸ್ಟಾಫ್ ರೂಮಿನ ಹೊಸ್ತಿಲಾಚೆ ನಿಂತು ಮಾತಾಡಿದ. ಒಳಗೆ ಬಾ ಎಂದರೂ ಬರಲಿಲ್ಲ.

"ಮಿಸ್, ಓದು ಕಲ್ಸಿ ಅಂತ ಮಗಿನ ಕಳ್ಸುದ್ರೆ ನಕ್ಸೆ ಯಾಕ್ ಕೊಟ್ರಿ ಅದ್ರ ಕೈಗೆ? ನಿಮ್ಗೇನು, ಸಂಜೀಕೆ ಬಸ್ ಅತ್ಕೊಂಡು ಓಯ್ತೀರಿ. ನಾವು ಅದೇ ಊರಲ್ಲಿರ್ಬೇಕಲ್ಲ."

ತಮ್ಮ ನೋಟಿಸಿಗಿಂತ ಆ ಮಾತು ನನ್ನನ್ನು ಹೆಚ್ಚು ಚುಚ್ಚಿತು, ಯಾಕೆಂದರೆ ಅದು ನಿಜವಾಗಿತ್ತು. ಅವನು ಮಗಳ ಟಿ.ಸಿ. ಕೇಳಲು ಬಂದಿದ್ದ. ಬನ್ನೂರಿನಲ್ಲಿ ಅವಳ ಸೋದರತ್ತೆಯ ಮನೆಗೆ ಬಿಟ್ಟುಬಿಡುತ್ತೇನೆ ಎಂದ. ನಾನು ವಾದ ಮಾಡಲಿಲ್ಲ. ಎರಡು ದಿನ ಯೋಚಿಸು ಮಾದೇಶ ಎಂದಷ್ಟೇ ಹೇಳಿದೆ.

ಎರಡನೆಯ ದಿನ ಅವನ ಬದಲು ಅವನ ತಾಯಿ ಬಂದರು. ಸಾಕಮ್ಮ ಶಾಲೆಯ ಕಾಂಪೌಂಡಿನೊಳಗೆ ಕಾಲಿಟ್ಟದ್ದು ಅಂದೇ ಮೊದಲಂತೆ. ನೇರವಾಗಿ ನಕ್ಷೆಯ ಮುಂದೆ ಹೋಗಿ ನಿಂತರು. ಓದು ಬಾರದು. ಮೊಮ್ಮಗಳನ್ನು ಕರೆಸಿ, "ಎಲ್ಲದೆ ತೋರ್ಸು," ಎಂದರು. ರಂಜಿನಿ ಬೆರಳಿಟ್ಟು ತೋರಿಸಿದಳು. ಆ ಹಸಿರು ಚೌಕದ ಮೇಲೆ ಅಜ್ಜಿ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತರು.

"ಇದು ಸರ್ಕಾರದ್ದೇ ಕಾಗ್ಜವಾ ಅವ್ವಾ?" ಎಂದು ನನ್ನನ್ನು ಕೇಳಿದರು.

"ಸರ್ಕಾರದ್ದೇ ಸಾಕಮ್ಮ."

"ಅಂಗಾರೆ ನಮ್ತಾವೂ ಪತ್ರ ಅದೆ ಅನ್ನು." ಮೊಮ್ಮಗಳ ಕಡೆ ತಿರುಗಿದರು. "ಬರಿಯವ್ವಾ ಅರ್ಜಿಯ. ನಿಮ್ಮಪ್ಪುಂಗೆ ನಾನೇಳ್ತೀನಿ."

ಅರ್ಜಿ ಬರೆಯುವುದು ಪೌರನೀತಿ ಪಾಠದಲ್ಲಿದೆ. ತಮ್ಮ ಪಠ್ಯಪುಸ್ತಕದಲ್ಲೇ ಇದೆ, ನಾನು ಸೇರಿಸಿದ್ದಲ್ಲ. ಸ್ಮಶಾನದ ಜಾಗವನ್ನು ಅಳೆದು ಬಿಡಿಸಿಕೊಡಿ ಎಂದು ತಹಸೀಲ್ದಾರರಿಗೆ ರಂಜಿನಿ ಬರೆದಳು. ಮೊದಲ ಹೆಬ್ಬೆಟ್ಟು ಸಾಕಮ್ಮನದು. ಎರಡನೆಯ ಸಹಿ, ಒಂದು ದಿನ ತಡವಾಗಿ, ಮಾದೇಶನದು. ಉಳಿದ ಮೂವತ್ತು ಮನೆಯವರದೂ ಬಂತು. ನಾನು ಸಹಿ ಹಾಕಲಿಲ್ಲ, ತಹಸೀಲ್ದಾರರ ಕಚೇರಿಗೂ ಹೋಗಲಿಲ್ಲ. ಅದು ನನ್ನ ಧೈರ್ಯವಲ್ಲ, ಅವರದು. ಅದರ ಕೀರ್ತಿಯನ್ನು ತಮ್ಮ ನೋಟಿಸು ಪೂರ್ತಿಯಾಗಿ ನನಗೇ ಕೊಟ್ಟಿದೆ. 'ಸದರಿ ಶಿಕ್ಷಕಿಯು ಗ್ರಾಮಸ್ಥರನ್ನು ಎತ್ತಿಕಟ್ಟಿ' ಎಂದಿದ್ದೀರಿ. ಮೂವತ್ತೊಂದು ಮನೆಯವರಿಗೆ ತಮ್ಮ ಸತ್ತವರ ನೆನಪಾಗಲು ಬಿಳಿಗೆರೆಯಿಂದ ಒಬ್ಬಳು ಬರಬೇಕೆ?

ಫೆಬ್ರವರಿಯಲ್ಲಿ ಸರ್ವೆಯರ್ ಬಂದರು. ಎರಡು ದಿನ ಸರಪಳಿ ಎಳೆದರು. ಊರೆಲ್ಲ ಬದುವಿನ ಮೇಲೆ ನಿಂತಿತ್ತು. ಎರಡನೆಯ ದಿನ ಮಧ್ಯಾಹ್ನ ಹಾಳೆ ಮಡಚುತ್ತಾ ಅವರು ಹೇಳಿದ್ದು ಒಂದೇ ಮಾತು: "ನಕ್ಷೆ ಸರಿಯಾಗದೆ. ಬೇಲಿ ತಪ್ಪಾಗದೆ." ಕಬ್ಬು ಕಡಿಯುವ ತನಕ ಕಾಲಾವಕಾಶ ಕೊಟ್ಟರು. ಏಪ್ರಿಲ್ ಕೊನೆಗೆ ಕಲ್ಲು ನೆಟ್ಟರು. ಗಲಾಟೆಯಾಗಲಿಲ್ಲ. ಒಂದು ಕಲ್ಲೂ ಒಡೆಯಲಿಲ್ಲ, ಒಂದು ತಲೆಯೂ ಒಡೆಯಲಿಲ್ಲ. ಅಧ್ಯಕ್ಷರು ಮೋಟರು ಬಿಚ್ಚಿಸಿಕೊಂಡು ಹೋದರು. ಅವರ ವಿಷಯದಲ್ಲಿ ಇದನ್ನು ಹೇಳಲೇಬೇಕು: ಅಳತೆಯಾದ ಮೇಲೆ ಅವರು ಕೋರ್ಟಿಗೆ ಹೋಗಲಿಲ್ಲ. ನನ್ನ ಮೇಲೆ ದೂರು ಹಿಡಿದು ತಮ್ಮ ಬಳಿಗೆ ಬಂದರು, ಅಷ್ಟೆ.

ಹಾಗಾದರೆ ತಮ್ಮ ನೋಟಿಸಿನಲ್ಲಿರುವ 'ಗ್ರಾಮದ ಶಾಂತಿಭಂಗ' ಎಲ್ಲಿ ನಡೆಯಿತು? ಸರ್ಕಾರದ ಒಂದು ಇಲಾಖೆ ನಕ್ಷೆ ಸರಿ ಎಂದು ಕಲ್ಲು ನೆಡುತ್ತದೆ. ಇನ್ನೊಂದು ಇಲಾಖೆ ಆ ನಕ್ಷೆಯನ್ನು ಓದಲು ಕಲಿಸಿದ್ದಕ್ಕೆ ಕ್ಷಮೆ ಕೇಳು ಎನ್ನುತ್ತದೆ. ಎರಡಕ್ಕೂ ಒಂದೇ ಸರ್ಕಾರದ ಮೊಹರು. ನಾನು ಯಾವ ಮೊಹರಿಗೆ ತಲೆಬಾಗಬೇಕು?

ಮೇ ತಿಂಗಳಲ್ಲಿ ತಾವು ನನ್ನನ್ನು ಕಚೇರಿಗೆ ಕರೆಸಿದಿರಿ. ಒರಟಾಗಿ ಮಾತಾಡಲಿಲ್ಲ, ಕೂರಿಸಿ ಚಹಾ ತರಿಸಿದಿರಿ. ಆ ಸೌಜನ್ಯವನ್ನು ಮರೆತಿಲ್ಲ. ಆದರೆ ಆಡಿದ ಮಾತನ್ನೂ ಮರೆತಿಲ್ಲ.

"ಮೇಡಂ, ಈ ನಕ್ಷೆ ಪಾಠಕ್ಕೆ ಪರೀಕ್ಷೆಯಲ್ಲಿ ಎಷ್ಟು ಅಂಕ?" ಎಂದಿರಿ.

"ನಾಲ್ಕು ಸಾರ್."

"ನಾಲ್ಕು ಅಂಕಕ್ಕೆ ಇಷ್ಟೆಲ್ಲ ರಾದ್ಧಾಂತ ಬೇಕಿತ್ತಾ? ಭಾರತದ ನಕ್ಷೆ ಬರೆಸಿ, ಗಂಗಾ ಯಮುನಾ ಗುರುತು ಮಾಡಿಸಿ, ಮುಗೀತು. ಊರಿನ ನಕ್ಷೆ ಯಾಕೆ ಬೇಕಿತ್ತು?"

"ನಮ್ಮೂರು ಭಾರತದಲ್ಲಿಲ್ವಾ ಸಾರ್?" ಎಂದೆ.

ತಾವು ನಕ್ಕಿರಿ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿವೃತ್ತಿಗೆ ಇನ್ನೆಷ್ಟು ವರ್ಷ ಮೇಡಂ? ಸುಮ್ಮನೆ ಒಂದು ಸಾಲು ಬರೆದುಕೊಡಿ, ಫೈಲು ಮುಚ್ಚಿಬಿಡ್ತೀನಿ," ಎಂದಿರಿ. ಒಂದು ಸಾಲು ಅಷ್ಟೇ ತಾನೇ ಎಂಬಂತೆ ಕಾಗದ, ಪೆನ್ನು ನನ್ನ ಮುಂದೆ ಸರಿಸಿದಿರಿ. ಮಾನ್ಯರೇ, ಒಂದು ಸಾಲಿನ ಬೆಲೆ ನನಗೆ ಗೊತ್ತು. 'ನಿರ್ಮೂಲನ ಮಾಡಲಾಗಿದೆ' ಎಂಬ ಒಂದು ಸಾಲನ್ನು ವರ್ಷಗಟ್ಟಲೆ ಮಕ್ಕಳಿಂದ ಬರೆಸಿದವಳು ನಾನು. ಇನ್ನೊಂದು ಸುಳ್ಳು ಸಾಲನ್ನು ಈ ವಯಸ್ಸಿನಲ್ಲಿ ನನ್ನ ಕೈಯಾರೆ ಬರೆಯಲಾರೆ. ಎದ್ದು ಬಂದೆ. ಹದಿನೈದನೆಯ ದಿನಕ್ಕೆ ವರ್ಗಾವಣೆಯ ಆದೇಶ ಬಂತು. ಕಾರಣ: 'ಆಡಳಿತಾತ್ಮಕ'. ಅದರ ಹಿಂದೆಯೇ ಈ ನೋಟಿಸು.

ವರ್ಗಾವಣೆಗೆ ನನ್ನ ತಕರಾರಿಲ್ಲ. ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ. ಅಲ್ಲಿಯೂ ಒಂಬತ್ತನೆಯ ತರಗತಿ ಇರುತ್ತದೆ, ಅಲ್ಲಿಯೂ ನಕ್ಷೆ ಪಾಠ ಇರುತ್ತದೆ, ಆ ಊರಿಗೂ ಒಂದು ಗ್ರಾಮ ನಕ್ಷೆ ಇರುತ್ತದೆ. ತಾವು ಮೂಲೆಯ ಊರಿಗೆ ಕಳಿಸಿದಷ್ಟೂ ಅಳೆಯಲು ಹೊಸ ಜಾಗ ಸಿಗುತ್ತದೆ.

ಈ ನಡುವೆ ಜೂನ್ ಮೊದಲ ವಾರ ಕೇರಿಯ ಚಿಕ್ಕಸ್ವಾಮಿ ಎಂಬ ಹಿರಿಯರು ತೀರಿಕೊಂಡರು. ನೂರಾ ಹದಿನಾಲ್ಕನೆಯ ನಂಬರಿನಲ್ಲಿ ಎಷ್ಟೋ ವರ್ಷಗಳ ಮೇಲೆ ಆದ ಮೊದಲ ಮಣ್ಣು ಅದು. ನಾನೂ ಹೋಗಿದ್ದೆ. ಕಬ್ಬಿನ ಕೂಳೆ ಇನ್ನೂ ಕಾಲಿಗೆ ಚುಚ್ಚುತ್ತಿತ್ತು. ಮಾದೇಶ ಗುದ್ದಲಿ ಹಿಡಿದು ಗುಂಡಿ ತೋಡುತ್ತಿದ್ದ. ಈಗ ಅವನು ಬನ್ನೂರಿನ ಹತ್ತಿರದ ಆಲೆಮನೆಯೊಂದರಲ್ಲಿ ಬೆಲ್ಲ ಕಾಯಿಸುವ ಕೆಲಸಕ್ಕೆ ಹೋಗುತ್ತಾನೆ. ನನ್ನೊಡನೆ ಮಾತಾಡಲಿಲ್ಲ, ಆದರೆ ನಾನು ನಿಂತಿದ್ದ ಕಡೆ ಬಿಸಿಲಿತ್ತೆಂದು ಮಗಳ ಕೈಲಿ ಕೊಡೆ ಕಳಿಸಿದ. ಎಲ್ಲ ಮುಗಿದ ಮೇಲೆ ಸಾಕಮ್ಮ ನನ್ನನ್ನು ಕೈಹಿಡಿದು ಪಡುವಣ ಮೂಲೆಗೆ ಕರೆದುಕೊಂಡು ಹೋದರು.

"ಇದು ನಂದು ಕಣವ್ವಾ. ಯಾರ್ಗೂ ಬುಡಾಕಿಲ್ಲ. ಈಗ್ಲೇ ಏಳಿವ್ನಿ ಎಲ್ಲಾರ್ಗೂವೆ," ಎಂದರು. ಸೀಟು ಹಿಡಿದ ಪ್ರಯಾಣಿಕಳಂತೆ ನಕ್ಕರು. ಆ ನಗು ನೋಡಿದವರು ಯಾರೂ ಕ್ಷಮಾಪಣೆ ಬರೆಯಲಾರರು.

ಈಗ ನನ್ನ ಬೇಡಿಕೆ. ನನ್ನ ಪಾಠದಲ್ಲಿ ಯಾವ ವಾಕ್ಯ ಸುಳ್ಳು ಎಂಬುದನ್ನು ತಾವು ಲಿಖಿತವಾಗಿ ತಿಳಿಸಬೇಕು. ಒಂದೇ ಒಂದು ವಾಕ್ಯ ತೋರಿಸಿದರೂ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳೆದುರು ನಿಂತು ತಿದ್ದಿಕೊಳ್ಳುತ್ತೇನೆ. ತೋರಿಸಲಾಗದಿದ್ದರೆ ನೋಟಿಸನ್ನು ವಾಪಸು ಪಡೆಯಬೇಕು. ಅದಕ್ಕಿಂತ ಮುಖ್ಯವಾಗಿ, ವಿಚಾರಣೆಯ ಸಾಕ್ಷ್ಯವೆಂದು ತಮ್ಮ ಸಿಬ್ಬಂದಿ ಗೋಡೆಯಿಂದ ಕಿತ್ತು ಸುರುಳಿ ಸುತ್ತಿಕೊಂಡು ಹೋದ ಮಕ್ಕಳ ನಕ್ಷೆಯನ್ನು ಹಿಂದಿರುಗಿಸಬೇಕು. ಅದು ನನ್ನದಲ್ಲ, ಇಲಾಖೆಯದೂ ಅಲ್ಲ. ಮೂವತ್ತೆಂಟು ಮಕ್ಕಳು ಅರ್ಧ ವರ್ಷ ಬಿಸಿಲಲ್ಲಿ ನಡೆದು ಮಾಡಿದ ಕೆಲಸ. ತಮ್ಮ ಕಚೇರಿಯ ಬೀರುವಿನ ಮೇಲೆ ಜಿರಲೆಗಳಿಗೆ ಅದರ ಉಪಯೋಗವಿಲ್ಲ.

ಬರುವ ಸೋಮವಾರ ಹನ್ನೊಂದು ಗಂಟೆಗೆ ಆ ಮಕ್ಕಳು ಮನೆಯ ಹಿರಿಯರೊಂದಿಗೆ ತಮ್ಮ ಕಚೇರಿಗೆ ಬರುತ್ತಿದ್ದಾರೆ. ನಕ್ಷೆಯನ್ನು ವಾಪಸು ಕೇಳುವ ಅರ್ಜಿಯನ್ನು ಅವರೇ ಬರೆದಿದ್ದಾರೆ. ನಾನು ಕಾಗುಣಿತವನ್ನೂ ತಿದ್ದಿಲ್ಲ. ಅರ್ಜಿ ಕೊಟ್ಟ ಮೇಲೆ ಅವರು ಹೋಗದೆ ನಿಲ್ಲುತ್ತಾರೆ, ಗಾಬರಿಯಾಗಬೇಡಿ. ಸ್ವೀಕೃತಿಗಾಗಿ ನಿಂತಿರುತ್ತಾರೆ. ತಾರೀಕು ಬರೆದು, ಮೊಹರು ಒತ್ತಿ, ಸಹಿ ಮಾಡಿ ಕೊಡಿ. ಅಲ್ಲಿಯ ತನಕ ಕದಲಬಾರದೆಂದು ಅವರಿಗೆ ಹೇಳಿಕೊಟ್ಟವಳೂ ನಾನೇ.

ಇಂತಿ,
ಇದ್ದದ್ದನ್ನು ಇದೆ ಎಂದು ಬರೆಸಿ ತಪ್ಪಿತಸ್ಥಳಾದ,
ಚನ್ನಬಸಮ್ಮ
ಸಮಾಜ ವಿಜ್ಞಾನ ಶಿಕ್ಷಕಿ, ಸದ್ಯಕ್ಕೆ
ಟಿ. ನರಸೀಪುರ ತಾಲ್ಲೂಕು, ಇದೂ ಸದ್ಯಕ್ಕೆ
ಜೂನ್ 2007